ಐವತ್ತೆರಡು ಸುತ್ತು

"ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು..."

ಸೃಷ್ಟಿ ಒಳ ಅಂಗಳದ ಕಟ್ಟೆಯ ಮೇಲೆ ಕೂತು ತಂತಿ ಎಣಿಸುತ್ತಿದ್ದಳು. ತೊಡೆಯ ಮೇಲೆ ಹಳೇ ಪೇಪರು, ಪೇಪರಿನ ಮೇಲೆ ಸುಟ್ಟ ಮೋಟಾರಿನಿಂದ ಕಿತ್ತ ಒಂದು ಕಾಯಿಲ್. ಕಾಯಿಲ್ ಅಂದರೆ ತಾಮ್ರದ ತಂತಿಯ ಸುರುಳಿ. ಅದನ್ನು ಒಂದು ಕಡೆ ಕತ್ತರಿಸಿದರೆ ತುದಿಗಳೆಲ್ಲ ಕಸಬರಿಗೆಯ ಕಡ್ಡಿಗಳ ಹಾಗೆ ಬಿಚ್ಚಿಕೊಳ್ಳುತ್ತವೆ. ಎಷ್ಟು ತುದಿ ಇವೆಯೋ ಅಷ್ಟು ಸುತ್ತು. ಎಣಿಸಿದ್ದನ್ನು ಒಂದೊಂದಾಗಿ ಪಕ್ಕಕ್ಕೆ ಬಗ್ಗಿಸುತ್ತ ಹೋಗಬೇಕು. ಸೃಷ್ಟಿಯ ಬೆರಳೆಲ್ಲ ಮಸಿಯಾಗಿದ್ದವು.

ಕೆಲಸ ಒಪ್ಪಿಸಿದವಳು ಅಕ್ಕ ಅಂಜನಾ. ಅವಳು ಮನೆಯ ಹಿಂದೆ ಉಳಿದ ಹನ್ನೊಂದು ಕಾಯಿಲ್‌ಗಳನ್ನು ಉಳಿ, ಸುತ್ತಿಗೆಯಿಂದ ಕೀಳುತ್ತಿದ್ದಳು.

"ಸೃಷ್ಟೀ, ಬಾ ಇಲ್ಲಿ. ನಿಮ್ಮ ದೊಡ್ಡಪ್ಪ ಬಂದಾರ," ಒಳಗಿನಿಂದ ಅವ್ವ ಕರೆದಳು.

"ತಡಿ ಅವ್ವ, ಎಣಸಾಕತ್ತೀನಿ."

"ಆಮ್ಯಾಲ ಎಣಸು. ಅವರು ಬಾಗಿಲಾಗ ನಿಂತಾರ."

ಸೃಷ್ಟಿ ಎದ್ದಳು. ಏಳದೆ ಬೇರೆ ದಾರಿ ಇರಲಿಲ್ಲ. ಅವ್ವ ನೀಲಗಂಗಮ್ಮ ಮದುವೆಯಾಗಿ ಬಂದ ದಿನದಿಂದ ಗಂಡನ ಅಣ್ಣನ ಎದುರಿಗೆ ನಿಂತು ಒಂದು ಮಾತೂ ಆಡಿದವಳಲ್ಲ. ತಲೆಗೆ ಸೆರಗು ಎಳೆದುಕೊಂಡು ಬಾಗಿಲ ಹಿಂದೆ ನಿಲ್ಲುವಳು. ಅವಳ ಮಾತನ್ನು ಇನ್ನೊಬ್ಬರು ದಾಟಿಸಬೇಕು. ಮೊದಲು ಅಪ್ಪ ದಾಟಿಸುತ್ತಿದ್ದ. ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ಆ ನೌಕರಿ ಸೃಷ್ಟಿಗೆ ಬಂದಿತ್ತು.

"ಚಾ ಕುಡೀತಾರೇನು ಕೇಳು," ಅಂದಳು ಅವ್ವ ಬಾಗಿಲ ಹಿಂದಿನಿಂದ.

"ಚಾ ಕುಡೀತೀರೇನ್ರಿ ದೊಡ್ಡಪ್ಪ?"

ಜಗದೇವಪ್ಪನಿಗೆ ಮೊದಲೇ ಕೇಳಿಸಿತ್ತು. ಮನೆ ಇದ್ದದ್ದೇ ಅಷ್ಟು ಸಣ್ಣದು. ಆದರೂ ಸೃಷ್ಟಿಯ ಬಾಯಿಂದ ಬಂದ ಮೇಲೆಯೇ ಅವರು ಉತ್ತರ ಕೊಡುವುದು. "ಬ್ಯಾಡಂತ ಹೇಳು. ಅಂಜನಾನ ನೋಡಾಕ ಗಂಡಿನವರು ಇಪ್ಪತ್ತಮೂರನೇ ತಾರೀಖಿಗೆ ಬರ್ತಾರ, ಮುಂದಿನ ಐತವಾರ. ಅದನ್ನೂ ಹೇಳು."

"ಚಾ ಬ್ಯಾಡಂತ ಅವ್ವ. ಇಪ್ಪತ್ತಮೂರಕ್ಕ ಬರ್ತಾರಂತ."

ಆಮೇಲೆ ಅವ್ವ ಮೆಲ್ಲಗೆ ಅಂದಳು: "ಅಂಜನಾಗ ಕಲಬುರಗಿಯಾಗ ಕೆಲಸ ಸಿಗಾಕತ್ತದ. ಒಂದು ವರ್ಷ ತಡದ್ರ ನಡೀತದೇನು ಕೇಳು."

ಸೃಷ್ಟಿ ಕೇಳಿದಳು. ದೊಡ್ಡಪ್ಪ ನಕ್ಕರು. "ಮೋಟಾರ ಸುತ್ತೋದು ಹೆಣ್ಮಕ್ಕಳ ಕೆಲಸಾನಾ? ಆತು, ಮಾತು ಅಂದ್ರ ಮಾತು. ನನ್ನ ಬಾವಿ ಮೋಟಾರ ಆಕಿ ಕೈಯಾಗ ಕೊಟ್ಟೀನಲ್ಲ. ಅದು ಬರೋಬ್ಬರಿ ನಡೀತಂದ್ರ ಆ ಮಂದಿಗೆ ನಾನೇ ಫೋನ್ ಮಾಡಿ ಬ್ಯಾಡ ಅಂತೀನಿ. ನಡೀಲಿಲ್ಲಂದ್ರ ಸುಮ್ನ ಸೀರಿ ಉಟ್ಟು ಬಂದು ಕುಂದರಬೇಕು. ಇಪ್ಪತ್ತಮೂರಕ್ಕ. ನೆಪ್ಪಿರ್ಲಿ."

ಅವರು ಹೋದರು. ಸೃಷ್ಟಿ ಕಟ್ಟೆಗೆ ಓಡಿ ಬಂದಳು. ಬಗ್ಗಿಸಿದ ತಂತಿಗಳು ಒಂದು ಕಡೆ, ಬಗ್ಗಿಸದವು ಇನ್ನೊಂದು ಕಡೆ ಹಾಗೇ ಇದ್ದವು. ಎಲ್ಲಿಗೆ ನಿಲ್ಲಿಸಿದ್ದೆ? ಏನೋ ಮೂರು ಅಂತ ಕೊನೆಗೆ ಇತ್ತು. ಇಪ್ಪತ್ತಮೂರು. ಹೌದು, ಇಪ್ಪತ್ತಮೂರೇ ತಲೆಯಲ್ಲಿ ಕೂತಿದೆ.

"ಇಪ್ಪತ್ತನಾಲ್ಕು, ಇಪ್ಪತ್ತೈದು..."

ಕೊನೆಯ ತುದಿ ಬಗ್ಗಿಸಿದಾಗ ನಲವತ್ತೆರಡು ಆಗಿತ್ತು. ಯಾಕೋ ಅವಳಿಗೇ ಅನುಮಾನ ಬಂತು. ಇಪ್ಪತ್ತಮೂರೋ, ಮೂವತ್ತಮೂರೋ? ಮತ್ತೆ ಮೊದಲಿನಿಂದ ಎಣಿಸಬಹುದಿತ್ತು. ಆದರೆ ಓಣಿಯಲ್ಲಿ ಗೆಳತಿ ತೂಬಾ ಕುಂಟಾಟದ ಗೆರೆ ಎಳೆದು ಕಾಯುತ್ತಿದ್ದಳು, ಮಸಿಯಿಂದ ಮೂಗು ಬೇರೆ ತುರಿಸುತ್ತಿತ್ತು.

ಅಂಜನಾ ಕೈ ಒರೆಸಿಕೊಳ್ಳುತ್ತ ಬಂದಳು. "ಎಷ್ಟಾತು?"

"ನಲವತ್ತೆರಡು."

"ಬರೋಬ್ಬರಿ ಎಣಸೀದಿಲ್ಲ?"

"ಹ್ಞೂಂ."

"ಉಸ್ತಾದ್ ಇದ್ದಿದ್ರ ಇಬ್ರೂ ಬ್ಯಾರೆ ಬ್ಯಾರೆ ಎಣಸ್ರಿ ಅಂತಿದ್ರು. ಈಗ ಬಸ್ಸಿಗೆ ಹೊತ್ತಾತು," ಅಂದು ಅಂಜನಾ ಗೋಡೆಯ ಮೇಲೆ ಸೀಮೆಸುಣ್ಣದಿಂದ ೪೨ ಅಂತ ಬರೆದಳು. ಎಣಿಸಿದ ಕಾಯಿಲನ್ನು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿ ಇಟ್ಟಳು. ಮೋಟಾರು ಒಂದು ತಿಂಗಳು ಸರಿಯಾಗಿ ಓಡುವವರೆಗೆ ಹಳೇ ಕಾಯಿಲ್ ಒಂದನ್ನು ಎತ್ತಿಡಬೇಕು ಅನ್ನುವುದೂ ಉಸ್ತಾದರ ಪಾಠವೇ. ಆಮೇಲೆ ಆಧಾರ್ ಕಾರ್ಡು ತೆಗೆದುಕೊಂಡು ಹೊಸ ತಂತಿ ತರಲು ಬಸ್ ಸ್ಟ್ಯಾಂಡಿಗೆ ಓಡಿದಳು.

ಉಸ್ತಾದ್ ಅಂದರೆ ಕಲಬುರಗಿಯ ಇಮಾಮುದ್ದೀನ್. ಗಂಜ್ ಮಾರುಕಟ್ಟೆಯ ಹತ್ತಿರದ ಗಲ್ಲಿಯಲ್ಲಿ ಅವರ ಮೋಟಾರು ವೈಂಡಿಂಗ್ ಅಂಗಡಿ. ಅಂಜನಾ ಐಟಿಐ ಮುಗಿಸಿ ಎಂಟು ತಿಂಗಳಿನಿಂದ ಅಲ್ಲಿ ಕೆಲಸ ಕಲಿಯುತ್ತಿದ್ದಳು. ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಆಗದಿದ್ದರೆ ಕಮಲಾಪುರದಿಂದ ದಿನಾ ಹೋಗಿಬರುವುದು ಅವಳಿಗೆ ಆಗುತ್ತಲೇ ಇರಲಿಲ್ಲ. ಬರುವ ಒಂದನೇ ತಾರೀಖಿನಿಂದ ಪಗಾರಿನ ಮೇಲೆ ಇಟ್ಟುಕೊಳ್ಳುತ್ತೇನೆ ಅಂತ ಉಸ್ತಾದ್ ಹೇಳಿದ್ದರು. ಪಗಾರು ಬಂದರೆ ಅವ್ವ ಖಾನಾವಳಿಗೆ ದಿನಕ್ಕೆ ಇನ್ನೂರು ರೊಟ್ಟಿ ಬಡಿಯಬೇಕಿಲ್ಲ. ಅಂಜನಾಳ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಒಂದು ಬೋರ್ಡಿನ ಚಿತ್ರ ಇತ್ತು. ಅದರಲ್ಲಿ "ಅಂಜನಾ ಮೋಟಾರ್ ವೈಂಡಿಂಗ್, ಕಮಲಾಪುರ" ಅಂತ ಬರೆದಿತ್ತು. ಅದನ್ನು ಸೃಷ್ಟಿಗೆ ಬಿಟ್ಟು ಯಾರಿಗೂ ತೋರಿಸಿರಲಿಲ್ಲ.

ಮಂಗಳವಾರ ಅಂಜನಾ ಹೊಸ ಕಾಯಿಲ್‌ಗಳನ್ನು ಮೋಟಾರಿನ ಒಳಗಿನ ಸೀಳುಗಳಲ್ಲಿ ಕೂರಿಸುತ್ತಿದ್ದಳು. ಹೋಮ್‌ವರ್ಕ್ ಬರೆಯುತ್ತಿದ್ದ ಸೃಷ್ಟಿಯ ಕಡೆ ತಿರುಗಿದಳು.

"ಯಾಕೋ ಸಡಲ ಕುಂದರಾಕತ್ತದ. ನಲವತ್ತೆರಡೇ ಇತ್ತಲ್ಲ?"

ಸೃಷ್ಟಿ ಬರೆದ ಲೆಕ್ಕವನ್ನು ರಬ್ಬರಿನಿಂದ ಅಳಿಸತೊಡಗಿದಳು. ಈಗ ಹೇಳಿದರೆ ಸುತ್ತಿದ್ದೆಲ್ಲ ಮತ್ತೆ ಬಿಚ್ಚಬೇಕು. ಅಕ್ಕ ಬೈಯುತ್ತಾಳೆ. ಅಲ್ಲದೆ ನಲವತ್ತೆರಡೇ ಇದ್ದಿರಲೂಬಹುದು.

"ಹೌದಕ್ಕ," ಅಂದಳು, ನೋಟ್‌ಬುಕ್ಕಿನಿಂದ ತಲೆ ಎತ್ತದೆ.

ಅಂಜನಾ ಇನ್ನೊಂದು ಪದರ ಪೇಪರು ತುರುಕಿ ಸೀಳುಗಳನ್ನು ಬಿಗಿ ಮಾಡಿದಳು.

ಬುಧವಾರ ಸಂಜೆ ದೊಡ್ಡಪ್ಪನ ಕೆಂಪು ಬಾಳೆಯ ತೋಟದಲ್ಲಿ ಮೋಟಾರು ಶುರುವಾಯಿತು. ಪೈಪಿನಿಂದ ನೀರು ದಬದಬನೆ ಬಿತ್ತು. ದೊಡ್ಡಪ್ಪ ಮೀಸೆ ತಿರುವುತ್ತ ನಿಂತರು. ಅಂಜನಾ ಯಾವತ್ತೂ ಬಾಯಿ ತುಂಬ ನಗುವವಳಲ್ಲ. ಅವತ್ತು ನಕ್ಕಳು. ನೋಡಿದೆಯಾ, ನಲವತ್ತೆರಡೇ ಇತ್ತು ಅಂತ ಸೃಷ್ಟಿ ತನಗೆ ತಾನೇ ಹೇಳಿಕೊಂಡಳು. ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆ ಬಂತು.

ಗುರುವಾರ ಮಧ್ಯಾಹ್ನ ಮೋಟಾರು ಸುಟ್ಟಿತು.

ಸೃಷ್ಟಿ ಶಾಲೆಯಿಂದ ಬರುವಷ್ಟರಲ್ಲಿ ದೊಡ್ಡಪ್ಪನ ಮನೆಯ ಅಂಗಳದಲ್ಲಿ ಹತ್ತು ಜನ ಸೇರಿದ್ದರು. ನಡುವೆ ಮೋಟಾರು, ಅದರಿಂದ ಕಮಟು ವಾಸನೆ. "ಹೆಣ್ಹುಡುಗಿ ಕೈಯಾಗ ಕೊಟ್ಟದ್ದು ನಂದೇ ತಪ್ಪು," ಅಂತ ದೊಡ್ಡಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದರು. ಯಾರೋ ನಕ್ಕರು. ಇನ್ಯಾರೋ, ರೊಟ್ಟಿ ಬಡಿಯೋ ಕೈಗೆ ಪಾನಾ, ಇಕ್ಕಳ ಯಾಕ ಬೇಕಿತ್ತು ಅಂದರು. ಅಂಜನಾ ಮೋಟಾರಿನ ಮುಂದೆ ಕೂತು ಮುಚ್ಚಳ ಬಿಚ್ಚಿದಳು. ಒಂದು ಸುಟ್ಟ ಕಾಯಿಲ್ ಕತ್ತರಿಸಿ ತೆಗೆದು ದುಪಟ್ಟಾದ ತುದಿಯಲ್ಲಿ ಸುತ್ತಿಕೊಂಡು ಮನೆಗೆ ಬಂದಳು.

ಮರುದಿನ ಶಾಲೆಯಲ್ಲಿ ತೂಬಾ ಪಕ್ಕಕ್ಕೆ ಬಂದು ಕೂತಳು. "ವೋಲ್ಟೇಜ್ ಹೆಚ್ಚು ಕಮ್ಮಿ ಆದ್ರ ಮೋಟಾರ ಸುಡ್ತದಂತ. ನಮ್ಮ ಅಬ್ಬಾ ಹೇಳಿದ್ರು. ನಿಮ್ಮಕ್ಕಂದು ತಪ್ಪಿರಂಗಿಲ್ಲ."

ಸೃಷ್ಟಿ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ವೋಲ್ಟೇಜ್. ಹೌದು, ವೋಲ್ಟೇಜೇ ಇರಬೇಕು. ಆದರೆ ಊಟದ ಹೊತ್ತಿಗೆ ತಟ್ಟೆಯ ಮುಂದೆ ಕೂತರೆ ಅನ್ನ ಇಳಿಯಲಿಲ್ಲ. ಹೊಟ್ಟೆನೋವು ಅಂದಳು. ಟೀಚರು ಹಣೆ ಮುಟ್ಟಿ ನೋಡಿ ಮನೆಗೆ ಕಳಿಸಿದರು. ಮನೆಯಲ್ಲಿ ಅವ್ವ ಪೆಟ್ಟಿಗೆಯಿಂದ ತನ್ನ ಮದುವೆಯ ಸೀರೆ ತೆಗೆದು ಬಿಸಿಲಿಗೆ ಹಾಕಿದ್ದಳು. ಸೃಷ್ಟಿಗೆ ಆ ಸೀರೆಯನ್ನು ನೋಡಲು ಆಗಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ. ಅಂಜನಾ ಉಸ್ತಾದರ ಸಾಮಾನು ತಿರುಗಿ ಕೊಡಲು ಹೊರಟಿದ್ದಳು. ತಂತಿ ಸುತ್ತುವ ಕೈ ಮಷೀನು, ಮರದ ಅಚ್ಚು, ಇಕ್ಕಳ ಎಲ್ಲ ಚೀಲದಲ್ಲಿದ್ದವು. "ಒಬ್ಬಾಕಿ ಹೊರಲಾಕ ಆಗಂಗಿಲ್ಲ, ನೀನೂ ಬಾ," ಅಂದಳು. ಬಸ್ಸಿನಲ್ಲಿ ಕಂಡಕ್ಟರು ಇಬ್ಬರಿಗೂ ಸೊನ್ನೆ ರೂಪಾಯಿಯ ಟಿಕೆಟು ಹರಿದು ಕೊಟ್ಟರು. ಕಲಬುರಗಿ ಬರುವವರೆಗೆ ಅಕ್ಕ ಆ ಟಿಕೆಟನ್ನು ಮಡಿಸುತ್ತಲೂ ಬಿಚ್ಚುತ್ತಲೂ ಇದ್ದಳು.

ಇಮಾಮುದ್ದೀನ್ ಗಿಡ್ಡ ಮನುಷ್ಯ, ಬಿಳೀ ಗಡ್ಡ, ಮೂಗಿನ ತುದಿಗೆ ಕನ್ನಡಕ. ಅಂಗಡಿಯ ತುಂಬ ವಾರ್ನಿಷಿನ ವಾಸನೆ. ಮೋಟಾರು ಸುಟ್ಟದ್ದನ್ನು ಅಂಜನಾ ಹೇಳಿದ ಮೇಲೆ ಸಾಮಾನನ್ನು ಪಕ್ಕಕ್ಕೆ ಸರಿಸಿ, "ಕಾಯಿಲ್ ತಂದೀಯೇನು ಬೇಟಾ?" ಅಂದರು. ಅಂಜನಾ ಚೀಲದಿಂದ ಎರಡು ಗಂಟು ತೆಗೆದಳು. ಒಂದು ಹಳೆಯದು, ಒಂದು ಅವಳು ಸುತ್ತಿದ್ದು. ಅವರು ಎರಡನ್ನೂ ಅಕ್ಕಪಕ್ಕ ಹಿಡಿದು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಎಣಿಸುವ ಅಗತ್ಯವೂ ಅವರಿಗೆ ಬರಲಿಲ್ಲ.

"ಹಳೇದು ದಪ್ಪ ಅದ. ಕಮ್ಮಿ ಸುತ್ತು ಹಾಕೀದಿ. ಕಮ್ಮಿ ಸುತ್ತಿದ್ರ ಕರೆಂಟು ಹೆಚ್ಚಿಗೆ ಎಳೀತದ, ಸುಡ್ತದ. ಹಳೇದು ಎಣಸಿದ್ದು ಯಾರು?"

"ನಾನೇ ಉಸ್ತಾದ್," ಅಂದಳು ಅಂಜನಾ.

ಸೃಷ್ಟಿ ತಲೆ ಎತ್ತಿದಳು. ಅಕ್ಕ ಅವಳ ಕಡೆ ನೋಡಲೇ ಇಲ್ಲ. ಸೃಷ್ಟಿಗೆ ಆಗ ಗೊತ್ತಾಯಿತು. ಅಕ್ಕನಿಗೆ ಎಲ್ಲ ಗೊತ್ತಿದೆ, ಯಾವತ್ತಿನಿಂದಲೋ ಗೊತ್ತಿದೆ.

"ನಾ ಎಣಸಿದ್ದು," ಅಂದಳು ಸೃಷ್ಟಿ. "ನಡುವ ಎದ್ದು ಹೋದೆ. ಎಲ್ಲಿಗೆ ಬಿಟ್ಟಿದ್ದೆ ಮರ್ತುಬಿಟ್ಟೆ. ಅಕ್ಕ ಎರಡು ಸಲ ಕೇಳಿದ್ಳು, ಎರಡು ಸಲಾನೂ ಸುಳ್ಳು ಹೇಳಿದೆ."

ಉಸ್ತಾದ್ ಕನ್ನಡಕ ತೆಗೆದು ಒರೆಸಿಕೊಂಡರು. ಬೈಯಲಿಲ್ಲ. ಅಂಜನಾಳನ್ನು ಕೇಳಿದರು: "ಮತ್ತ ನೀ ಯಾಕ ನಾನು ಅಂದಿ?"

"ಸುತ್ತಿದ್ದು ನಾನು. ಎರಡನೇ ಸಲ ಎಣಸಬೇಕಾದಾಕಿ ನಾನು. ಎಣಸಲಿಲ್ಲ."

"ಅದು ಖರೆ," ಅಂದರು ಅವರು. ಹಳೇ ಕಾಯಿಲನ್ನು ಇಬ್ಬರ ನಡುವೆ ಇಟ್ಟರು. "ಈಗ ಎಣಸ್ರಿ. ಒಬ್ಬರು ಎಣಸುವಾಗ ಇನ್ನೊಬ್ಬರು ಹೊರಗ. ಎಷ್ಟಂತ ಇಬ್ರೂ ನನ್ನ ಕಿವ್ಯಾಗ ಹೇಳ್ರಿ."

ಸೃಷ್ಟಿ ಮೊದಲು ಎಣಿಸಿದಳು. ಒಂದೊಂದು ತುದಿಯನ್ನೂ ಉಗುರಿನಿಂದ ಹಿಡಿದು ಬಗ್ಗಿಸಿದಳು. ಹೊರಗೆ ಆಟೋ ಹಾರ್ನು, ಪಕ್ಕದ ಗಿರಣಿಯ ಸದ್ದು. ಮೂವತ್ತಮೂರು ದಾಟುವಾಗ ಕಣ್ಣು ಮಂಜಾಯಿತು. ತೋಳಿನಿಂದ ಒರೆಸಿಕೊಂಡು ಮುಂದೆ ಹೋದಳು.

ಇಬ್ಬರೂ ಅವರ ಕಿವಿಯಲ್ಲಿ ಹೇಳಿದ್ದು ಒಂದೇ. ಐವತ್ತೆರಡು.

"ಒಂದನೇ ತಾರೀಖಿನ ತನಕ ನಿನ್ನ ಜಾಗಾ ಖಾಲಿ ಇಡ್ತೀನಿ. ಆಮ್ಯಾಲ ಆಗಂಗಿಲ್ಲ ಬೇಟಾ, ನನಗೂ ಕೈ ಬೇಕು," ಅಂದರು ಉಸ್ತಾದ್. ಸಾಮಾನಿನ ಚೀಲವನ್ನು ವಾಪಸು ಅವಳ ಕಡೆಗೇ ತಳ್ಳಿದರು. ಅದರ ಮೇಲೆ ಹೊಸ ತಂತಿಯ ಉಂಡೆ ಇಟ್ಟರು. "ಸುಟ್ಟ ತಾಮ್ರ ತಂದು ಕೊಡು, ಇದರ ಬದ್ಲಿ. ನಿಮ್ಮ ದೊಡ್ಡಪ್ಪ ಮೋಟಾರ ಕೊಡಲಿಲ್ಲಂದ್ರ ತಂತಿ ತಿರುಗಿ ತಾ."

ವಾಪಸು ಬರುವಾಗ ಬಸ್ಸಿನಲ್ಲಿ ಸೃಷ್ಟಿ ಕೇಳಿದಳು. "ನಿನಗ ಯಾವಾಗ ಗೊತ್ತಾತಕ್ಕ?"

"ಗುರುವಾರ ಸಂಜಿಗೆ. ಎರಡೂ ಎಣಸಿ ನೋಡಿದೆ."

"ಮತ್ತ ದೊಡ್ಡಪ್ಪಗ ಯಾಕ ಹೇಳಲಿಲ್ಲ?"

"ಹೇಳಿದ್ರ ನಿನಗ ಎರಡು ಏಟು ಬೀಳ್ತಿದ್ವು. ಮೋಟಾರಂತೂ ನಡೀತಿರಲಿಲ್ಲ."

"ನನ್ನ ಮ್ಯಾಲ ಸಿಟ್ಟದಾ?"

"ಅದ," ಅಂದಳು ಅಂಜನಾ. "ಭಾಳ ಅದ."

ಹಾಗೆ ಅಂದವಳು ಮುಂದೆ ಕೂತವರ ಬೆನ್ನು ನೋಡುತ್ತ ಕೂತಳು. ಆದರೂ ಕಿಟಕಿಯ ಸೀಟು ಸೃಷ್ಟಿಗೇ ಬಿಟ್ಟಿದ್ದಳು. ಸೃಷ್ಟಿ ಕಿಟಕಿಯ ಕಡೆ ಮುಖ ಮಾಡಿ ಅತ್ತಳು. ಹೊರಗೆ ತೊಗರಿ ಹೊಲಗಳು ಓಡುತ್ತಿದ್ದವು.

ಸಂಜೆ ದೊಡ್ಡಪ್ಪ ಬಂದರು. ನಾಳೆ ಬರುವವರು ಎಷ್ಟು ಜನ, ಉಪ್ಪಿಟ್ಟು ಮಾಡಬೇಕೋ ಅವಲಕ್ಕಿ ಮಾಡಬೇಕೋ ಅನ್ನುವುದನ್ನು ಹೇಳಿದರು. ಅವ್ವ ಬಾಗಿಲ ಹಿಂದಿನಿಂದ ಕೇಳಿದ್ದನ್ನೆಲ್ಲ ಸೃಷ್ಟಿ ದಾಟಿಸಿದಳು. ಅದಾದ ಮೇಲೂ ಅವಳು ಅಲ್ಲೇ ನಿಂತಿದ್ದಳು.

"ಇನ್ನೇನಂತ ನಿಮ್ಮವ್ವ?"

"ಇದು ಅವ್ವ ಹೇಳಿದ್ದಲ್ರಿ ದೊಡ್ಡಪ್ಪ. ನಾ ಹೇಳಾಕತ್ತಿದ್ದು." ಸೃಷ್ಟಿ ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ಮೋಟಾರ ಸುಟ್ಟಿದ್ದು ಅಕ್ಕನ ಸಲುವಾಗಿ ಅಲ್ಲ. ಅವತ್ತು ನೀವು ಬಂದಾಗ ನಾ ತಂತಿ ಎಣಸಾಕತ್ತಿದ್ದೆ. ಅವ್ವ ಕರದ್ಳು. ನೀವು ಇಪ್ಪತ್ತಮೂರು ಇಪ್ಪತ್ತಮೂರು ಅಂದ್ರಿ. ನಾ ವಾಪಸ್ ಹೋಗಿ ಅಲ್ಲಿಂದನೇ ಎಣಸಿದೆ. ಹತ್ತು ಸುತ್ತು ಕಮ್ಮಿ ಆತು."

ದೊಡ್ಡಪ್ಪ ಅವಳನ್ನೇ ನೋಡಿದರು.

"ಖರೆ ಹೇಳೀದಿ, ಛಲೋ ಆತು," ಅಂದರು ಅವರು ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಸೃಷ್ಟಿಗೆ ಇನ್ನೂ ಹೆದರಿಕೆ ಆಯಿತು. "ಆದರ ಯಾರು ಎಣಸಿದ್ರೇನು, ಮೋಟಾರ ಸುಟ್ಟದ್ದು ಸುಟ್ಟದ. ಮಂದಿಗೆ ಬರ್ರಿ ಅಂದೀನಿ, ಬರ್ತಾರ. ಆ ಕಬ್ಬಿಣ ಬೇಕಾದ್ರ ಒಯ್ಯಿರಿ, ನನ್ನ ಅಂಗಳದಾಗ ಸುಮ್ನ ಬಿದ್ದದ."

ಅಷ್ಟೇ. ನಿಜ ಹೇಳಿದರೆ ಎಲ್ಲ ಸರಿಹೋಗುತ್ತದೆ ಅಂತ ಸೃಷ್ಟಿ ದಾರಿಯುದ್ದಕ್ಕೂ ನಂಬಿಕೊಂಡು ಬಂದಿದ್ದಳು. ಏನೂ ಸರಿಹೋಗಲಿಲ್ಲ. ಮೋಟಾರು ಮಾತ್ರ ಮನೆಗೆ ಬಂತು. ಅವ್ವ ಒಂದು ಕಡೆ, ಅಂಜನಾ ಒಂದು ಕಡೆ ಹಿಡಿದು ಹೊತ್ತು ತಂದರು.

ಐತವಾರ ಬೆಳಗಾಗುತ್ತಲೇ ಅಂಜನಾ ಕೈ ಮಷೀನನ್ನು ಕಟ್ಟೆಗೆ ಬಿಗಿದಳು. ಅವಳು ಹಿಡಿಕೆ ತಿರುಗಿಸುವುದು, ಸೃಷ್ಟಿ ಎಣಿಸುವುದು. ಅಂಜನಾ ಮನಸ್ಸಿನಲ್ಲೇ ಬೇರೆ ಎಣಿಸುವಳು. ಒಂದೊಂದು ಕಾಯಿಲ್ ಮುಗಿದಾಗ ಇಬ್ಬರೂ ಒಮ್ಮೆಗೇ ಹೇಳುವರು. ಹೇಳಿದ್ದು ಒಂದೇ ಆದರೆ ಮಾತ್ರ ತಂತಿ ಕತ್ತರಿಸುವುದು. ಒಂಬತ್ತನೆಯ ಕಾಯಿಲ್ ಮುಗಿದಾಗ ಅವ್ವ ಸೀರೆ ಹಿಡಿದುಕೊಂಡು ಬಂದು ನಿಂತಳು.

"ಅಂಜನಾ, ಹತ್ತೂವರಿ ಆತು. ಹನ್ನೊಂದಕ್ಕ ಬರ್ತಾರ."

"ಇನ್ನ ಮೂರು ಉಳದಾವ ಅವ್ವ."

"ಕೈ ನೋಡು, ಉಗುರು ನೋಡು. ಅವರು ನೋಡಿದ್ರ ಏನಂತಾರ?"

"ಏನರೆ ಅನ್ಲಿ. ಅವರು ಬಂದು ಹೋಗ್ಲಿ ಅವ್ವ. ಮೋಟಾರ ಮಾತ್ರ ನಾ ಹಿಂಗ ಬಿಡಂಗಿಲ್ಲ."

ಅವ್ವ ಸೀರೆಯನ್ನು ಹಗ್ಗದ ಮೇಲೆ ಹಾಕಿದಳು. ಒಳಗೆ ಹೋಗಲಿಲ್ಲ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ಹತ್ತನೆಯದು ಮುಗಿಯಿತು. ಹನ್ನೊಂದನೆಯದು ಮುಗಿಯಿತು. ಕೊನೆಯದು ಶುರುವಾಯಿತು.

ಸೃಷ್ಟಿ ಮೂವತ್ತೆಂಟು ಅನ್ನುವಾಗ ಓಣಿಯಲ್ಲಿ ಕಾರು ನಿಂತ ಸದ್ದಾಯಿತು. ಮೂವತ್ತೊಂಬತ್ತಕ್ಕೆ ಬಾಗಿಲ ಹೊರಗೆ ಚಪ್ಪಲಿ ಬಿಡುವ ಸದ್ದು, ದೊಡ್ಡಪ್ಪನ ಕೆಮ್ಮು.

"ಸೃಷ್ಟೀ, ಮಂದಿ ಬಂದಾರ. ಕಾಲಿಗೆ ನೀರು ತಾ. ನಿಮ್ಮವ್ವಗ ಹೇಳು."

ಸೃಷ್ಟಿಯ ಕಾಲು ತಾನಾಗಿಯೇ ಏಳಲು ಹೊರಟಿತು. ಅಕ್ಕನ ಕೈ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಸೃಷ್ಟಿ ಕೂತಲ್ಲಿಯೇ ಕೂತಳು. "ನಲವತ್ತು," ಅಂದಳು.

ಹೊಸ್ತಿಲ ಮೇಲಿಂದ ಅವ್ವ ಎದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ತಂಬಿಗೆಯಲ್ಲಿ ನೀರು ತುಂಬಿ ಎರಡೂ ಕೈಯಲ್ಲಿ ಹಿಡಿದು ಬಾಗಿಲಿಗೆ ಹೋದಳು, ಬಾಗಿಲ ಹಿಂದಕ್ಕಲ್ಲ.

"ನಲವತ್ತೊಂದು."

"ಹುಡುಗ್ಯಾರು ಕೆಲಸದಾಗ ಅದಾರ್ರಿ ಭಾವಾರ," ಅಂದಳು ಅವ್ವ. ಸಣ್ಣ ದನಿ, ಆದರೆ ಅವಳದೇ ದನಿ. "ಸ್ವಲ್ಪ ತಡೀರಿ."

ದೊಡ್ಡಪ್ಪ ಈಗ ಏನು ಮಾಡುತ್ತಾರೋ, ಬಂದವರು ಏನು ಅನ್ನುತ್ತಾರೋ, ಒಂದನೇ ತಾರೀಖಿಗೆ ಅಕ್ಕ ಬಸ್ಸು ಹತ್ತುತ್ತಾಳೋ ಇಲ್ಲವೋ ಸೃಷ್ಟಿಗೆ ಗೊತ್ತಿರಲಿಲ್ಲ. ಅವಳ ಕಣ್ಣು ತಂತಿಯ ಮೇಲಿತ್ತು.

"ನಲವತ್ತೆರಡು," ಅಂದಳು.

ಅಂಜನಾ ಅವಳ ಮುಖ ನೋಡಿದಳು. ಇನ್ನೂ ಹತ್ತು ಸುತ್ತು ಬಾಕಿ ಇದ್ದವು. ಹಿಡಿಕೆ ತಿರುಗಿತು.

"ನಲವತ್ತಮೂರು."